ಹುಣಸೆಸಾಲಿನ ಕಾಗೆಗಳು, ಅವ್ವನ ಎಡೆ

ನಂಜನಗೂಡಿನ ತಾಲ್ಲೂಕು ಕಚೇರಿಯ ಹಿಂದೆ ಆಗ ಹುಣಸೆಮರಗಳ ಒಂದು ಸಾಲಿತ್ತು. ಎಷ್ಟು ಮರ ಎಂದು ಖಚಿತವಾಗಿ ಹೇಳಲಾರೆ. ಹದಿನಾಲ್ಕು ಎಂದು ನೆನಪು ಹೇಳುತ್ತದೆ. ಅದೇ ನೆನಪು ಕಚೇರಿಯ ಗೋಡೆಗೆ ಕಾವಿ ಬಳಿದಿತ್ತು ಎಂದೂ ಹೇಳುತ್ತದೆ. ಅದು ಬರೀ ಸುಣ್ಣದ ಗೋಡೆ ಎಂದು ಅಲ್ಲಿ ನನ್ನ ಜೊತೆ ಗುಮಾಸ್ತರಾಗಿದ್ದವರೊಬ್ಬರು ಮೊನ್ನೆ ತಿದ್ದಿದರು. ಆದ್ದರಿಂದ ನಾನು ಬರೆಯುವ ಈ ಸಂಗತಿಯಲ್ಲಿ ಎಲ್ಲೆಲ್ಲಿ ಸುಣ್ಣ, ಎಲ್ಲೆಲ್ಲಿ ಕಾವಿ ಎಂದು ನನಗೇ ತಿಳಿಯದು. ಕಾಗೆಗಳ ಬಗ್ಗೆ ಮಾತ್ರ ಅನುಮಾನವಿಲ್ಲ. ಅವನ್ನು ಕಂಡವರು ಬಹಳ ಜನ ಇದ್ದಾರೆ.

ಚಳಿಗಾಲದಲ್ಲಿ ಸಂಜೆ ಕಚೇರಿ ಮುಗಿಯುವ ಹೊತ್ತಿಗೆ ಅವು ಬರುತ್ತಿದ್ದವು. ಹೊಳೆಯಾಚೆಯಿಂದ ಐದಾರು, ಕವಲಂದೆಯ ದಾರಿಯಿಂದ ಇಪ್ಪತ್ತು ಮೂವತ್ತು, ಆಮೇಲೆ ಎಲ್ಲ ದಿಕ್ಕಿನಿಂದಲೂ. ನೇರವಾಗಿ ಮರಕ್ಕೆ ಬರುತ್ತಿರಲಿಲ್ಲ. ರೈಲು ನಿಲ್ದಾಣದ ಪಕ್ಕದ ಬಯಲಿನಲ್ಲಿ ಮೊದಲು ಇಳಿದು, ಯಾರಿಗೋ ಕಾಯುವವರ ಹಾಗೆ ನೆಲದ ಮೇಲೆ ಸುಮ್ಮನೆ ಕೂತಿರುತ್ತಿದ್ದವು. ಬಯಲು ಕಪ್ಪಾಗುತ್ತಿತ್ತು. ನಮಗೆ ಕೇಳದ ಯಾವುದೋ ಅಪ್ಪಣೆ ಬಂದಂತೆ ಒಟ್ಟಿಗೆ ಎದ್ದು ಹುಣಸೆಸಾಲಿನ ಮೇಲೆ ಬೀಳುತ್ತಿದ್ದವು. ಆಮೇಲೆ ಅರ್ಧ ಗಂಟೆ ಜಾಗಕ್ಕಾಗಿ ಜಗಳ. ಪಕ್ಕದಲ್ಲಿ ನಿಂತವರ ಮಾತು ಕೇಳುತ್ತಿರಲಿಲ್ಲ. ಮರದ ಕೆಳಗಿನ ನೆಲ ಹಿಕ್ಕೆಯಿಂದ ಸುಣ್ಣ ಚೆಲ್ಲಿದ ಹಾಗೆ ಬೆಳ್ಳಗಿರುತ್ತಿತ್ತು. ಮನೆಗೆ ಹೋಗಲು ಅದೇ ದಾರಿಯಾದ್ದರಿಂದ ನಾವೆಲ್ಲ ಕೊಡೆ ಬಿಚ್ಚಿಕೊಂಡು ಹೊರಡುತ್ತಿದ್ದೆವು. ಮೋಡವಿಲ್ಲದ ಪುಷ್ಯಮಾಸದಲ್ಲಿ ಕೊಡೆ ಹಿಡಿದವನು ಕಂಡರೆ ಅವನು ಕಚೇರಿಯವನು ಎಂದು ಪೇಟೆಯಲ್ಲಿ ನಗುತ್ತಿದ್ದರು.

ನನಗೆ ಆಗ ಇಪ್ಪತ್ತಮೂರು ವರ್ಷ. ಕವಲಂದೆಯ ಹತ್ತಿರದ ಬೇಸಾಯದ ಮನೆಯಿಂದ ಬಂದು, ಮೈಸೂರಿನಲ್ಲಿ ಓದಿ, ಬಿ.ಎ. ಎಂಬ ಎರಡು ಅಕ್ಷರ ಸಂಪಾದಿಸಿದ್ದೆ. ನಮ್ಮ ಕುಲದಲ್ಲಿ ಅದಕ್ಕೆ ಮೊದಲು ಯಾರೂ ಅಷ್ಟು ಓದಿರಲಿಲ್ಲ. ಕಚೇರಿಗೆ ಎರಡು ಬೀದಿ ಆಚೆ ಬಾಡಿಗೆ ಮನೆ. ಮನೆಯಲ್ಲಿ ಅವ್ವ, ಅಕ್ಕ, ನಾನು; ಹಿತ್ತಲಿನಲ್ಲಿ ಅವ್ವನ ಕರಿ ಎಮ್ಮೆ. ಅಪ್ಪ ನಾನು ಮಗುವಾಗಿದ್ದಾಗಲೇ ತೀರಿಹೋಗಿದ್ದರು.

ಅಕ್ಕ ನನಗಿಂತ ಏಳು ವರ್ಷ ದೊಡ್ಡವಳು. ಅವಳನ್ನು ತಿರುಮಕೂಡಲು ನರಸೀಪುರದಿಂದ ಸೋಮನಾಥಪುರದ ಕಡೆಗೆ ಹೋಗುವ ದಾರಿಯ ಒಂದು ಹಳ್ಳಿಗೆ ಕೊಟ್ಟಿತ್ತು. ಮಕ್ಕಳಾಗಲಿಲ್ಲವೆಂದು ಭಾವ ಎರಡನೆಯ ಮದುವೆ ಮಾಡಿಕೊಂಡ. ಆ ಮನೆಯಲ್ಲಿ ಅಕ್ಕ ಆಮೇಲೆ ಸೊಸೆಯೂ ಅಲ್ಲ, ಆಳೂ ಅಲ್ಲ ಎನ್ನುವಂತಾದಳು. ಒಂದು ದಿನ ಅವ್ವ ಯಾರನ್ನೂ ಕೇಳದೆ ಗಾಡಿ ಕಟ್ಟಿಸಿಕೊಂಡು ಹೋಗಿ ಅವಳನ್ನು ಕರೆದುಕೊಂಡು ಬಂದರು. ಅಂದಿನಿಂದ ನಮ್ಮ ಮನೆಯ ಒಲೆ ಅಕ್ಕನದು. ಅವಳನ್ನು ವಾಪಸು ಕಳಿಸಬೇಕೆಂದು ಭಾವನ ಕಡೆಯವರು ಹೇಳಿಕಳಿಸುತ್ತಲೇ ಇದ್ದರು. ಎರಡನೆಯವಳು ಹೆತ್ತು ಹಾಸಿಗೆ ಹಿಡಿದ ಮೇಲೆ ಆ ಕರೆ ಹೆಚ್ಚಾಯಿತು. ಅವ್ವನದು ಒಂದೇ ಉತ್ತರ: "ನಾನಿರೋ ಗಂಟ ಕಳ್ಸಕಿಲ್ಲ."

ಆ ವರ್ಷ ಡೆಪ್ಯುಟಿ ಕಮಿಷನರು ಮೊಕ್ಕಾಮಿಗೆ ಬರುವ ಸುದ್ದಿ ಬಂತು. ಅವರು ಇಳಿದುಕೊಳ್ಳುವ ಬಂಗಲೆ ಹುಣಸೆಸಾಲಿನ ಪಕ್ಕಕ್ಕೇ ಇತ್ತು. ತಾಲ್ಲೂಕಿನ ಮುಖ್ಯಾಧಿಕಾರಿಯಾದ ಅಮಲ್ದಾರರು ನನ್ನನ್ನು ಕರೆದರು.

"ನೋಡಿ, ಹೋದ ಸಲ ದೊರೆಗಳ ಟೋಪಿ ಮೇಲೆ ಬಿತ್ತು. ಅವರು ಏನೂ ಹೇಳಲಿಲ್ಲ. ಏನೂ ಹೇಳದೇ ಇದ್ದದ್ದೇ ನನಗೆ ಭಯ. ಈ ಸಲ ಬೀಳಕೂಡದು. ನೀವು ಬಿ.ಎ. ಅಲ್ಲವೆ? ಇಂಗ್ಲಿಷಿನಲ್ಲಿ ಒಂದು ಒಳ್ಳೆ ಯಾದಿ ಬರೀರಿ. ಕಾಗೆ ಓಡಿಸೋದಕ್ಕೆ ಮೇಲಿನಿಂದ ಅಪ್ಪಣೆ ತರಿಸೋಣ."

ಎರಡು ಪುಟದ ಮನವಿ ಬರೆದೆ. ಕಾಗೆಗಳಿಂದ ಸರ್ಕಾರಿ ಕಾಗದಪತ್ರಗಳಿಗೆ, ಬಾವಿಯ ನೀರಿಗೆ, ಜನರ ಆರೋಗ್ಯಕ್ಕೆ ಆಗುವ ಬಾಧೆಯನ್ನು ಒಂದೊಂದಾಗಿ ಬಿಡಿಸಿ, ಕೋವಿಯ ಸದ್ದಿನಿಂದ ಅವನ್ನು ಬೆದರಿಸುವುದು, ಸತ್ತ ಕಾಗೆಗಳನ್ನು ಕೊಂಬೆಗೆ ತೂಗುಹಾಕುವುದು, ಅಡ್ಡಕೊಂಬೆಗಳನ್ನು ಸವರುವುದು ಎಂದು ಉಪಾಯಗಳನ್ನು ಸೂಚಿಸಿದೆ. ಓದಿದ ವಿದ್ಯೆ ಮೊದಲ ಸಲ ಉಪಯೋಗಕ್ಕೆ ಬಂದಂತೆ ಅನ್ನಿಸಿತ್ತು. ಮನೆಗೆ ಬಂದು ಅಕ್ಕನಿಗೆ ಅದನ್ನು ಓದಿ ಅರ್ಥ ಹೇಳಿದೆ. ಅವಳು ಅವರೆಕಾಯಿ ಸುಲಿಯುತ್ತ ಕೂತಿದ್ದಳು.

"ಚೆಂದಾಗದೆ," ಅಂದಳು. ಇನ್ನೊಂದು ಕಾಯಿ ಸುಲಿದು, "ಅವು ಎಲ್ಲಿಗೆ ಓಯ್ತವೆ?" ಎಂದು ಕೇಳಿದಳು.

"ಬೇರೆ ಎಲ್ಲಾದ್ರೂ. ಕಾಗೆಗೆ ಮರಕ್ಕೇನು ಬರವೆ?"

ಅಪ್ಪಣೆ ಬೇಗ ಬಂತು. ಹೊಳೆದಾರಿಯಲ್ಲಿ ಮನೆಯಿದ್ದ ಒಬ್ಬ ಮುದಿ ಈಡುಗಾರನನ್ನು ಗೊತ್ತುಮಾಡಿದರು. ಯಾದಿ ಬರೆದವನು ನಾನೇ ಎಂದು ಅಮಲ್ದಾರರು ನನ್ನನ್ನೇ ಮೇಲ್ವಿಚಾರಣೆಗೆ ಹಾಕಿದರು. ಮೊದಲ ಸಂಜೆ ಮುದುಕ ಕೋವಿಗೆ ಮದ್ದು ತುಂಬುತ್ತ ನನ್ನ ಕಡೆ ನೋಡಿ ಹೇಳಿದ:

"ಸ್ವಾಮಿ, ಉಲಿ ಒಡೀ ಅಂದ್ರೆ ಒಡೀಬೋದು. ಉಲಿಗೆ ಬಳಗ ಇಲ್ಲ. ಇವಕ್ಕೆ ನೋಡಿ, ಒಂದು ಸತ್ರೆ ಊರೆಲ್ಲಾ ಬಂದು ಅಳ್ತದೆ. ನಾನು ಸತ್ರೆ ಇಷ್ಟು ಜನ ಬರಕಿಲ್ಲ."

"ನಿನ್ನ ಕೆಲಸ ನೀನು ಮಾಡಪ್ಪ."

"ಮಾಡ್ತೀನಿ. ನಿಮ್ಮ ಎಸರು ಏಳ್ಕೊಂಡೇ ಮಾಡ್ತೀನಿ. ಪಾಪ ಬಂದ್ರೆ ಕಚೇರಿಗೆ ಓಗ್ಲಿ."

ಎಂಟು ಸಂಜೆ ಕೋವಿ ಹೊಡೆಸಿದೆ. ಮೊದಲ ದಿನ ಕಾಗೆಗಳು ಆಕಾಶದಲ್ಲೇ ಕತ್ತಲಾಗುವವರೆಗೆ ಸುತ್ತಿದವು. ಅವುಗಳ ಕೂಗು ಈಗಲೂ ಕಿವಿಯಲ್ಲಿದೆ ಎಂದು ಬರೆಯಬಹುದು. ಆದರೆ ನಿಜವಾಗಿ ನೆನಪಿರುವುದು ನನ್ನ ಕಾಲುನೋವು. ನಾಲ್ಕನೆಯ ದಿನಕ್ಕೆ ಅರ್ಧ ಕಡಿಮೆಯಾದವು. ಎಂಟನೆಯ ದಿನ ಮರಗಳಲ್ಲಿ ತಲೆಕೆಳಗಾಗಿ ತೂಗಿದ್ದ ಏಳೆಂಟು ಸತ್ತ ಕಾಗೆಗಳು ಬಿಟ್ಟರೆ ಇನ್ನೇನೂ ಇರಲಿಲ್ಲ. ಹಗಲಲ್ಲಿ ಹೊಳೆದಂಡೆಯ ಕಡೆಗೂ ಅವು ಸುಳಿಯುತ್ತಿರಲಿಲ್ಲ. ಡೆಪ್ಯುಟಿ ಕಮಿಷನರು ಬಂದರು, ಹೋದರು. ಟೋಪಿ ನೆಟ್ಟಗಿತ್ತು.

ಆ ದಿನಗಳಲ್ಲಿ ಅವ್ವ ಹಾಸಿಗೆ ಹಿಡಿದಿದ್ದರು. ಸಂಜೆಯ ಸದ್ದಿಗೆ ಬೆಚ್ಚಿ ಕೇಳುತ್ತಿದ್ದರು.

"ಯಾರ ಮನೆ ಮದ್ವೆ ಕಣ್ಲಾ ಇದು? ದಿನಾ ಗರ್ನಾಲು ಒಡೀತಾವ್ರೆ."

"ಮದುವೆ ಅಲ್ಲ ಕಣವ್ವ. ಕಾಗೆ ಓಡಿಸ್ತಾವ್ರೆ."

"ಕಾಗೇನಾ? ಯಾವ ಮನೆಹಾಳನಿಗೆ ಬಂತಪ್ಪಾ ಈ ಬುದ್ದಿ?"

ಅಕ್ಕ ಒಲೆಯ ಕಡೆ ತಿರುಗಿಕೊಂಡಳು. ನಾನು ಅವ್ವನ ಹೊದಿಕೆ ಸರಿಮಾಡಿದೆ.

ದೊರೆಗಳು ಹೊರಟ ಮರುದಿನ ಬೆಳಿಗ್ಗೆ ಅವ್ವ ಹೋದರು. ಅವ್ವನ ಅಣ್ಣ, ನನ್ನ ಸೋದರಮಾವ, ಹೆಂಡತಿಯೊಡನೆ ಗಾಡಿ ಕಟ್ಟಿಕೊಂಡು ಕವಲಂದೆಯ ಕಡೆಯಿಂದ ಬಂದರು. ಊರಿಗೆ ಒಯ್ಯೋಣ ಎಂದು ಅವರ ಆಸೆ. ಆದರೆ ಅವ್ವ ಮೊದಲೇ, "ಸತ್ಮೇಲೂ ನನ್ನ ಆ ಕಲ್ಲುದಾರೀಲಿ ಕುಲುಕ್ಕೊಂಡು ಒಯ್ಬೇಡಿ" ಅಂದಿದ್ದರು. ಹೊಳೆಯ ಪಕ್ಕ ನಮ್ಮವರೊಬ್ಬರ ಹೊಲವಿತ್ತು. ಅದರ ಬದುವಿನಲ್ಲಿ, ಬೇವಿನಮರದ ಹತ್ತಿರ ಮಣ್ಣು ಮಾಡಿದೆವು.

ನಮ್ಮ ಕಡೆ ಮೂರನೆಯ ದಿನ ಹಾಲು-ತುಪ್ಪ. ಸಮಾಧಿಗೆ ಹಾಲು ತುಪ್ಪ ಬಿಟ್ಟು, ಸತ್ತವರಿಗೆ ಪ್ರಿಯವಾದದ್ದನ್ನೆಲ್ಲ ಎಲೆಯಲ್ಲಿ ಎಡೆ ಇಟ್ಟು, ಎಲ್ಲರೂ ದೂರ ಸರಿದು ನಿಲ್ಲಬೇಕು. ಕಾಗೆ ಬಂದು ಎಡೆ ಮುಟ್ಟಬೇಕು. ಮುಟ್ಟದಿದ್ದರೆ ಸತ್ತವರ ಮನಸ್ಸಿನಲ್ಲಿ ಏನೋ ಉಳಿದುಕೊಂಡಿದೆ ಎಂದು ಅರ್ಥ. ಅದು ಏನೆಂದು ಉಳಿದವರು ಊಹಿಸಿ, ಗಟ್ಟಿಯಾಗಿ ಹೇಳಿ, ನಡೆಸಿಕೊಡುತ್ತೇವೆಂದು ಮಾತು ಕೊಡಬೇಕು. ಸರಿಯಾದ ಮಾತು ಬಂದಾಗ ಕಾಗೆ ಇಳಿಯುತ್ತದೆ. ಆಮೇಲೆ ಆ ಮಾತನ್ನು ಯಾರೂ ಮೀರುವ ಹಾಗಿಲ್ಲ. ಕಾಗೆ ಮುಟ್ಟುವವರೆಗೆ ಮನೆಯವರು ಯಾರೂ ಉಣ್ಣುವ ಹಾಗೂ ಇಲ್ಲ.

ಅಕ್ಕ ಬೆಳಿಗ್ಗೆಯೇ ಎದ್ದು ಮುದ್ದೆ, ಅವರೆಕಾಳು ಸಾರು, ವಡೆ, ಅನ್ನ ಎಲ್ಲ ಮಾಡಿದ್ದಳು. ಎಲೆಯ ಒಂದು ಮೂಲೆಯಲ್ಲಿ ಅವ್ವನ ಹೊಗೆಸೊಪ್ಪನ್ನೂ ಇಟ್ಟಳು. ಎಡೆ ಇಟ್ಟಾಗ ಬಿಸಿಲು ಇನ್ನೂ ಎಳೆಯದಾಗಿತ್ತು. ಗಂಡಸರು ಹೊಳೆಯ ಕಡೆ ನಿಂತೆವು, ಹೆಂಗಸರು ಬೇವಿನಮರದಾಚೆ. ಕಾಗೆ ಇಲ್ಲ. ಮಾವ "ಕಾ ಕಾ" ಎಂದು ಕೂಗಿದರು. ಆಕಾಶ ಬರಿದು. ಮುದ್ದೆಯ ಮೇಲೆ ಇರುವೆ ಬಂದವು. ಬಿಸಿಲು ನೆತ್ತಿಗೆ ಬಂತು.

"ಎಡೇನ ಅಸುವಿಗಾದ್ರೂ ಕೊಟ್ಬಿಡಾನ," ಎಂದು ಅತ್ತೆ, ಮಾವನ ಹೆಂಡತಿ, ಆಚೆಯಿಂದ ಕೂಗಿದರು. "ಎಷ್ಟೊತ್ತು ಅಂತ ನಿಲ್ಲಾದು?"

"ನಿಂಗೆ ಅಸಿವಾದ್ರೆ ನೀನು ಓಗಿ ಉಣ್ಣು. ನನ್ನ ತಂಗಿ ಅಸ್ಕೊಂಡವ್ಳೆ ಇಲ್ಲಿ," ಎಂದರು ಮಾವ.

ಅತ್ತೆಗೆ ನಾಚಿಕೆಯಾಗಿರಬೇಕು. ಅವರೇ ಮೊದಲ ಮಾತು ಕೊಟ್ಟರು: "ನಿನ್ನ ಕರಿ ಎಮ್ಮೆ ಯೋಚ್ನೆ ಮಾಡ್ಬೇಡ ಕಣವ್ವ. ನಮ್ಮ ಕೊಟ್ಟಿಗೇಲೆ ಕಟ್ಕೋತೀವಿ." ಕಾಗೆ ಬರಲಿಲ್ಲ. "ಒಳ್ಳೆ ಆಲು ಕೊಡೋ ಎಮ್ಮೆ, ಸುಲಭವಾಗಿ ಬತ್ತದಾ ಅಂತ ಅತ್ತೆ ನೋಡ್ತಾವ್ಳೆ," ಎಂದು ನೆಂಟರಲ್ಲಿ ಯಾರೋ ಮೆಲ್ಲಗೆ ನಕ್ಕರು. ಮಾವ ಮುಂದೆ ಬಂದರು: "ತಂಗ್ಯವ್ವಾ, ನಿನ್ನ ಮಗನ ಮದ್ವೆ ಈ ವರ್ಷಾನೇ ಮಾಡ್ತೀನಿ. ನರಸೀಪುರದ ಕಡೆ ದೊಡ್ಡ ಮನೆ, ಮಾತಾಡಿವ್ನಿ." ಆ ಮಾತು ನಿಜ. ಹೆಣ್ಣಿನ ಕಡೆಯವರು ಒಪ್ಪಿದ್ದರು. ಗಂಡನನ್ನು ಬಿಟ್ಟುಬಂದ ಅಕ್ಕ ಮನೆಯಲ್ಲಿದ್ದಾಳೆ ಎನ್ನುವುದೊಂದೇ ಅವರ ತಕರಾರು. ಅದು ನನಗೂ ಗೊತ್ತಿತ್ತು, ಮಾವನಿಗೂ ಗೊತ್ತಿತ್ತು.

ಕಾಗೆ ಬರಲಿಲ್ಲ.

ಮಾವ ಅಕ್ಕ ನಿಂತ ಕಡೆ ತಿರುಗಿದರು. ದನಿ ಗಡುಸಾಗಿರಲಿಲ್ಲ. ದಣಿದಿತ್ತು. "ಇನ್ನೇನಿದ್ದದು? ಇವಳ ಚಿಂತೇನೇ ಅವಳಿಗೆ. ತಂಗೀ, ನಿನ್ನ ಮಗಳ್ನ ಗಂಡನ ಮನೆ ಸೇರಿಸ್ತೀವಿ ಕಣವ್ವ. ನಾನೇ ಓಗಿ ಬಿಟ್ಟು, ನಾಕು ಮಾತು ಬುದ್ದಿ ಏಳಿ ಬತ್ತೀನಿ. ನೀನು ನಿಶ್ಚಿಂತೆಯಾಗಿ ಉಣ್ಣು." ಆಮೇಲೆ ನನ್ನನ್ನು ನೋಡಿದರು. "ನೀನೂ ಒಂದು ಮಾತು ಏಳ್ಲಾ ಅಳಿಯಾ. ಮಗ ನೀನು. ನನ್ನ ಮಾತು ನಡೆಯಕಿಲ್ಲ."

ನಾನು ಹೇಳಬಹುದಾಗಿದ್ದದ್ದು ಇಷ್ಟೇ. ಮಾವ, ಅವ್ವನ ಮನಸ್ಸಿನಲ್ಲಿ ಏನೂ ಉಳಿದಿಲ್ಲ. ಕಾಗೆಗಳನ್ನು ನಾನೇ ಓಡಿಸಿದ್ದೇನೆ. ಇನ್ನೂ ಹತ್ತು ದಿನ ಈ ಕಡೆ ಸುಳಿಯುವುದಿಲ್ಲ. ಎಡೆಯನ್ನು ಹಸುವಿಗೆ ಕೊಡೋಣ. ನಾಲ್ಕು ಮಾತು. ಅದೂ ಬೇಡ, "ಅಕ್ಕ ನಮ್ಮ ಮನೆಯಲ್ಲೇ ಇರುತ್ತಾಳೆ" ಎಂದು ಒಂದೇ ಮಾತು ಕೊಟ್ಟಿದ್ದರೂ ಆಗುತ್ತಿತ್ತು. ಅಷ್ಟು ಜನ ನೆಂಟರ ಎದುರಿಗೆ, ಅವ್ವ ಮನೆಹಾಳ ಎಂದು ಬೈದ ಆ ಮನುಷ್ಯ ನಾನೇ ಎಂದು ಒಪ್ಪಿಕೊಳ್ಳಲು ನಾಚಿಕೆಯಾಯಿತು ಎಂದು ಬಹಳ ವರ್ಷ ನನಗೆ ನಾನೇ ಹೇಳಿಕೊಂಡೆ. ಹಸಿವಾಗಿತ್ತು, ಮೂರು ರಾತ್ರಿ ನಿದ್ದೆಯಿರಲಿಲ್ಲ ಎಂದೂ ಹೇಳಿಕೊಂಡೆ. ಅವೆಲ್ಲ ಸುಳ್ಳಲ್ಲ. ಆದರೆ ನರಸೀಪುರದ ಆ ದೊಡ್ಡ ಮನೆ ಆ ಗಳಿಗೆಯಲ್ಲಿ ನನ್ನ ತಲೆಯಲ್ಲಿ ಇರಲೇ ಇಲ್ಲ ಎಂದು ನಾನು ಪ್ರಮಾಣ ಮಾಡಲಾರೆ.

"ಹೂಂ," ಎಂದೆ. ಅಷ್ಟೇ ಎಂದೆ.

ಕಾಗೆ ಬಂತು. ಒಂದೇ ಒಂದು. ಬೇವಿನಮರದಿಂದ ಇಳಿದು, ಎಲೆಯ ಸುತ್ತ ಎರಡು ಹೆಜ್ಜೆ ಕುಪ್ಪಳಿಸಿ, ವಡೆ ಕಚ್ಚಿಕೊಂಡು ಹಾರಿತು. ಹೆಂಗಸರು ಅತ್ತರು. ಮಾವ ಹೆಗಲ ಮೇಲಿನ ವಸ್ತ್ರದಲ್ಲಿ ಮುಖ ಒರೆಸಿಕೊಂಡು, "ನೋಡ್ದ್ರಾ, ಅದೇ ಇದ್ದದ್ದು ಅವಳ ಮನಸ್ಸಲ್ಲಿ," ಎಂದರು. ನಾನೂ ಒಂದು ಕ್ಷಣ ನಂಬಿದೆ. ಕಾರಣ ಗೊತ್ತಿದ್ದವನು ನಾನೊಬ್ಬನೇ, ನಾನೇ ನಂಬಿದೆ. ಎಲ್ಲರೂ ಮನೆಗೆ ಬಂದು ಉಂಡೆವು. ಅಕ್ಕನೇ ಬಡಿಸಿದಳು.

ಆ ಕಾಲದಲ್ಲಿ ನಾನು ದಿನಚರಿ ಬರೆಯುತ್ತಿದ್ದೆ. ಆ ದಿನದ ಪುಟದಲ್ಲಿ ಮೂರು ಸಾಲುಗಳಿವೆ. ಹಾಲು-ತುಪ್ಪ ಆಯಿತು; ಕಾಗೆ ತಡವಾಗಿ ಬಂತು; ಅಕ್ಕನ ವಿಷಯ ಇತ್ಯರ್ಥವಾಯಿತು. ಇತ್ಯರ್ಥ ಎನ್ನುವುದು ಕಚೇರಿಯ ಮಾತು. ಮನೆಯ ವಿಷಯಕ್ಕೆ ಆ ಮಾತನ್ನು ಅದಕ್ಕೆ ಮೊದಲು ನಾನು ಬಳಸಿದ್ದು ದಿನಚರಿಯಲ್ಲಿ ಎಲ್ಲೂ ಕಾಣುವುದಿಲ್ಲ. ನೋಡಿದ್ದೇನೆ.

ತಿಂಗಳೊಳಗೆ ಮಾವ ಅಕ್ಕನನ್ನು ಬಿಟ್ಟುಬಂದರು. ವೈಶಾಖದಲ್ಲಿ ನನ್ನ ಮದುವೆಯಾಯಿತು. ಮರುವರ್ಷದ ಚಳಿಗಾಲಕ್ಕೆ ಕಾಗೆಗಳು ಹುಣಸೆಸಾಲಿಗೆ ಹಿಂತಿರುಗಿದವು. ಹೊಸ ಅಮಲ್ದಾರರು ಅವನ್ನು ಅವುಗಳ ಪಾಡಿಗೆ ಬಿಟ್ಟರು. ನಾವು ಮತ್ತೆ ಕೊಡೆ ಹಿಡಿದೆವು.

ಆರು ವರ್ಷದ ಮೇಲೆ ನನಗೆ ನರಸೀಪುರಕ್ಕೆ ವರ್ಗವಾಯಿತು. ಅದುವರೆಗೆ ಅಕ್ಕನನ್ನು ಎರಡು ಮೂರು ಸಲ, ಅದೂ ನೆಂಟರ ಮದುವೆಗಳಲ್ಲಿ, ನೋಡಿದ್ದೆ. ಅವಳ ಮನೆಗೆ ಹೋಗಿರಲಿಲ್ಲ. ಈಗ ಗಾಡಿಯಲ್ಲಿ ಅರ್ಧ ದಿನದ ದಾರಿ. ಹೋಗದಿರಲು ನೆವ ಉಳಿದಿರಲಿಲ್ಲ. ಹೋದೆ. ಭಾವ ಹೊಲದಲ್ಲಿದ್ದ. ಎರಡನೆಯವಳು ಜಗಲಿಯಲ್ಲಿ ಕೂತಿದ್ದು, ನನ್ನನ್ನು ಕಂಡು ಒಳಗೆ ಹೋದಳು. ಅಕ್ಕ ಹಿತ್ತಲಿನಲ್ಲಿ ಬೆರಣಿ ತಟ್ಟುತ್ತಿದ್ದಳು. ಕೂದಲು ಅರ್ಧ ನೆರೆತಿತ್ತು. ಮುಂಗೈಯಲ್ಲಿ ಸುಟ್ಟ ಕಲೆಯಿತ್ತು. ಹೇಗಾಯಿತು ಎಂದು ಕೇಳಿದೆ. "ಒಲೆ," ಎಂದಳು.

ಕೈ ತೊಳೆದುಕೊಂಡು ಬಂದು ಎದುರಿಗೆ ಕೂತಳು. ಕಾಗೆಯ ವಿಷಯವನ್ನು ನಾನೇ ಎತ್ತಿದೆ. ಆರು ವರ್ಷ ಒಳಗೇ ಇಟ್ಟುಕೊಂಡು ಸಾಕಾಗಿತ್ತು.

"ಅಕ್ಕ, ಅವತ್ತು ಕಾಗೆ ಬರದೆ ಇದ್ದದ್ದು ಕೋವಿ ಸದ್ದಿಗೆ. ನಾನು ಬರೆದ ಯಾದಿಯಿಂದ. ಅವ್ವನ ಮನಸ್ಸಿನಲ್ಲಿ ಏನೂ ಇರಲಿಲ್ಲ. ನನಗೆ ಗೊತ್ತಿತ್ತು. ನಾನು ಹೇಳಲಿಲ್ಲ."

"ಗೊತ್ತು ಕಣಪ್ಪ. ನೀನೇ ಓದಿ ಏಳಿರ್ಲಿಲ್ವಾ ನಂಗೆ?"

ಆ ಮಾತು ನನಗೆ ಹೊಳೆದೇ ಇರಲಿಲ್ಲ. ಕಾರಣ ಗೊತ್ತಿದ್ದವನು ನಾನೊಬ್ಬನೇ ಎಂದು ಆರು ವರ್ಷ ನಂಬಿದ್ದೆನಲ್ಲ, ಅವಳಿಗೂ ಅಷ್ಟೇ ಗೊತ್ತಿತ್ತು.

"ಮತ್ತೆ ನೀನು ಯಾಕೆ ಸುಮ್ಮನಿದ್ದೆ?"

"ಕಾಗೆ ಆಗ್ಲೇ ಬಂದಿತ್ತು," ಎಂದಳು. "ನೀವು ಗಂಡಸರು ಒಳೆ ಕಡೆ ಇದ್ರಿ, ನಿಮಗೆ ಕಾಣ್ತಿರ್ಲಿಲ್ಲ. ನಾನು ನಿಂತಿದ್ದ ಕಡೆ, ಬೇವಿನಮರದ ಇಂದ್ಗಡೆ ಕೊಂಬೇಲಿ ಕೂತಿತ್ತು. ಮಿಕ್ಕ ಎಂಗಸ್ರೆಲ್ಲ ಎಡೇನೇ ನೋಡ್ತಿದ್ರು. ಅತ್ತೆ ಎಮ್ಮೆ ಸುದ್ದಿ ಎತ್ತೋಕ್ ಮುಂಚೆನೇ. ಎದರ್ಕೊಂಡಿತ್ತು, ಪಾಪ. ಇಳೀಲಾ ಬ್ಯಾಡವಾ ಅಂತ ನೋಡ್ತಿತ್ತು. ಇಳಿದೇ ಇಳೀತದೆ ಅಂತ ಗೊತ್ತಾಗಿತ್ತು ನಂಗೆ."

"ಅಯ್ಯೋ, ಹೇಳಬಾರದಿತ್ತೆ ಅಕ್ಕ? ಕಾಗೆ ಬಂದಿದೆ ಅಂತ ಒಂದು ಕೂಗು ಹಾಕಿದ್ದರೆ ಮಾವ ಬಾಯೇ ಬಿಡ್ತಿರಲಿಲ್ಲ."

ಅವಳು ಸೆರಗಿನಿಂದ ಕೈ ಒರೆಸಿಕೊಂಡಳು.

"ನೀನು ಏನಂತೀಯೋ ನೋಡಾನ ಅಂತ ಇದ್ದೆ," ಎಂದಳು.

ಅದರಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದರೆ ನನಗೆ ಅನುಕೂಲವಾಗುತ್ತಿತ್ತು. ನಾನು ಎದ್ದು ನಿಂತು, ಈಗಲೇ ಹೊರಡು, ಗಾಡಿ ಇದೆ, ಭಾವನ ಹತ್ತಿರ ನಾನು ಮಾತಾಡುತ್ತೇನೆ ಎಂದೆ. ಜೋರಾಗಿಯೇ ಹೇಳಿದೆ ಎಂದು ಕಾಣುತ್ತದೆ. ಒಳಗಿನಿಂದ ಎರಡನೆಯವಳ ಮಗು ಬಂದು ಬಾಗಿಲಲ್ಲಿ ನಿಂತಿತು. ಅಕ್ಕ ಅದನ್ನು ಎಳೆದು ತೊಡೆಯ ಮೇಲೆ ಕೂರಿಸಿಕೊಂಡು ಮೂಗು ಒರೆಸಿದಳು.

"ಈಗ ಏಳ್ತೀಯಲ್ಲ, ಇದ್ನ ಅವತ್ತು ಏಳಿದ್ರೆ ಕಾಗೆ ಬರ್ದಿದ್ರೂ ಆಗ್ತಿತ್ತು," ಎಂದಳು. "ಕೂತ್ಕೋ ತಮ್ಮಯ್ಯ. ಉಣ್ಣೋ ಹೊತ್ತಾಯ್ತು. ನಿನ್ನ ಹೆಂಡ್ತಿ ಚೆಂದಾಗವ್ಳಾ?"

ಕೂತೆ. ಉಂಡೆ. ಅವಳು ಸಾಯುವವರೆಗೆ, ಇನ್ನೂ ಹನ್ನೊಂದು ವರ್ಷ, ಆ ಮನೆಯಲ್ಲೇ ಇದ್ದಳು. ನಾನು ನರಸೀಪುರದಲ್ಲಿದ್ದಷ್ಟು ಕಾಲ ತಿಂಗಳಿಗೊಮ್ಮೆ, ಆಮೇಲೆ ವರ್ಷಕ್ಕೊಮ್ಮೆ ಹೋಗಿ ಬರುತ್ತಿದ್ದೆ. ಪ್ರತಿ ಸಲವೂ ಕರೆಯುತ್ತಿದ್ದೆ. ಪ್ರತಿ ಸಲವೂ ಅವಳು ಎಲೆ ಹಾಕಿ ಬಡಿಸುತ್ತಿದ್ದಳು. ನಮ್ಮ ಮನೆಗೆ ಒಂದು ದಿನದ ಮಟ್ಟಿಗೂ ಬರಲಿಲ್ಲ.